ರೋಮನ್ ಸೈನಿಕರ ಕವಚ ಮತ್ತು ಮೇಜಿನಾಟಗಳಲ್ಲಿ ಅದರ ನಿರೂಪಣೆ

ರೋಮನ್ ಸೈನಿಕರ ಕವಚವೆಂದರೆ ಪ್ರಾಚೀನ ರೋಮಿನ ಗಣರಾಜ್ಯ ಮತ್ತು ಸಾಮ್ರಾಜ್ಯ ಕಾಲದ ಯೋಧರು ತಲೆ, ಮುಂಡ ಮತ್ತು ಕೈಕಾಲುಗಳ ರಕ್ಷಣೆಗೆ ಧರಿಸುತ್ತಿದ್ದ ಲೋಹದ ತೊಡುಗೆಗಳ ಸಮೂಹ. ಗುರಾಣಿ ಮತ್ತು ಒಳಗಿನ ಮೆತ್ತೆಯಂಗಿ ಈ ವ್ಯವಸ್ಥೆಯ ಬೇರ್ಪಡಿಸಲಾಗದ ಅಂಗಗಳು. ಸುಮಾರು ಎಂಟು ಶತಮಾನಗಳ ಅವಧಿಯಲ್ಲಿ ಈ ಕವಚ ಹಲವು ಬಾರಿ ಬದಲಾಯಿತು; ಒಂದೇ ಕಾಲದಲ್ಲಿಯೂ ಪಡೆ, ದರ್ಜೆ ಮತ್ತು ಪ್ರಾಂತವನ್ನು ಅನುಸರಿಸಿ ಭಿನ್ನವಾಗಿತ್ತು. 1970ರ ದಶಕದಿಂದ ಈಚೆಗೆ, ಆಟಗಾರರು ಮೇಜಿನ ಸುತ್ತ ಕುಳಿತು ಕಾಲ್ಪನಿಕ ಪಾತ್ರಗಳನ್ನು ವಹಿಸಿ ದಾಳ ಉರುಳಿಸಿ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಈ ಕವಚ ಅಂಕಿಗಳ ರೂಪದಲ್ಲಿ ಕಾಣಿಸಿಕೊಂಡಿದೆ. ಪುರಾತತ್ತ್ವದ ಆಧಾರಗಳೊಂದಿಗೆ ಆ ನಿರೂಪಣೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನೂ ಈ ಲೇಖನ ವಿವರಿಸುತ್ತದೆ.

ಪರಿಭಾಷೆ

ಮುಂಡದ ಕವಚಕ್ಕೆ ಲ್ಯಾಟಿನ್ನಿನಲ್ಲಿ ಲೋರಿಕಾ ಎಂಬ ಸಾಮಾನ್ಯ ಹೆಸರಿದೆ. ಈ ಲೇಖನದಲ್ಲಿ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಕೋದು ಮಾಡಿದ ಲೋರಿಕಾ ಹಮಾಟವನ್ನು ಕೊಂಡಿಕವಚ ಎಂದೂ, ಮೀನಿನ ಹುರುಪೆಯಂಥ ಚಿಕ್ಕ ತಗಡುಗಳಿಂದ ಮಾಡಿದ ಲೋರಿಕಾ ಸ್ಕ್ವಾಮಾಟವನ್ನು ಹುರುಪೆಕವಚ ಎಂದೂ, ಅಗಲವಾದ ಕಬ್ಬಿಣದ ಪಟ್ಟಿಗಳಿಂದ ಮಾಡಿದ ಲೋರಿಕಾ ಸೆಗ್ಮೆಂಟಾಟವನ್ನು ಪಟ್ಟಿಕವಚ ಎಂದೂ ಕರೆಯಲಾಗಿದೆ. ಸೆಗ್ಮೆಂಟಾಟ ಎಂಬ ಹೆಸರು ರೋಮನರದಲ್ಲ. 16ನೆಯ ಶತಮಾನದ ವಿದ್ವಾಂಸರು ಇಟ್ಟದ್ದು. ಎದೆಬೆನ್ನಿನ ಸ್ನಾಯುಗಳ ಆಕೃತಿಯನ್ನು ಲೋಹದಲ್ಲಿ ಮೂಡಿಸಿದ ಅಧಿಕಾರಿಗಳ ಕವಚಕ್ಕೆ ಲೋರಿಕಾ ಮುಸ್ಕುಲಾಟ ಎಂಬ ಹೆಸರು ರೂಢಿಯಲ್ಲಿದೆ. ಲೀಜನ್ ಎಂದರೆ ರೋಮನ್ ಪೌರರಿಂದ ಕೂಡಿದ ಮುಖ್ಯ ಕಾಲಾಳು ದಳ. ಸಹಾಯಕ ಪಡೆ ಎಂದರೆ ಬಹುಮಟ್ಟಿಗೆ ಪೌರತ್ವವಿಲ್ಲದ ಪ್ರಾಂತವಾಸಿಗಳಿಂದ ಕೂಡಿದ ಕಾಲಾಳು ಮತ್ತು ಕುದುರೆ ದಳ.

ಆಧಾರಗಳು

ಈ ವಿಷಯದ ತಿಳಿವಳಿಕೆ ಮೂರು ಬಗೆಯ ಆಧಾರಗಳಿಂದ ಬಂದಿದೆ. ಮೊದಲನೆಯದು ಗ್ರಂಥಗಳು. ಕ್ರಿ.ಪೂ. 2ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ತನ್ನ ಇತಿಹಾಸದ ಆರನೆಯ ಸಂಪುಟದಲ್ಲಿ ಗಣರಾಜ್ಯದ ಲೀಜನ್ನಿನ ಸಜ್ಜನ್ನು ವಿವರವಾಗಿ ಬರೆದಿದ್ದಾನೆ. ಜೋಸೆಫಸ್, ವೆಜಿಟಿಯಸ್, ಅಮ್ಮಿಯಾನಸ್ ಮಾರ್ಸೆಲಿನಸ್ ಮುಂದಿನ ಕಾಲಗಳಿಗೆ ಸಾಕ್ಷ್ಯ ಒದಗಿಸುತ್ತಾರೆ.

ಎರಡನೆಯದು ಶಿಲ್ಪಗಳು. ಕ್ರಿ.ಶ. 113ರಲ್ಲಿ ರೋಮಿನಲ್ಲಿ ನಿಂತ ಟ್ರೇಜನ್ ಸ್ತಂಭದಲ್ಲಿ ಲೀಜನ್ ಯೋಧರು ಪಟ್ಟಿಕವಚವನ್ನೂ ಸಹಾಯಕ ಪಡೆಯವರು ಕೊಂಡಿಕವಚವನ್ನೂ ತೊಟ್ಟಿದ್ದಾರೆ. ನೋಡುಗರಿಗೆ ಎರಡು ಪಡೆಗಳನ್ನು ಸುಲಭವಾಗಿ ಗುರುತಿಸಲು ಶಿಲ್ಪಿಗಳು ಅನುಸರಿಸಿದ ಕಲಾನಿಯಮ ಇದು. ಆ ಸ್ತಂಭ ಚಿತ್ರಿಸುವ ಡೇಸಿಯದ ಯುದ್ಧಗಳನ್ನೇ ಸ್ಮರಿಸುವ, ಇಂದಿನ ರುಮೇನಿಯದ ಆಡಂಕ್ಲಿಸಿಯಲ್ಲಿರುವ ವಿಜಯಸ್ಮಾರಕದಲ್ಲಿ ಲೀಜನ್ ಯೋಧರು ಕೊಂಡಿಕವಚ ಮತ್ತು ಹುರುಪೆಕವಚಗಳಲ್ಲಿ ಕಾಣುತ್ತಾರೆ. ಸೈನಿಕರ ಸಮಾಧಿಶಿಲೆಗಳು ಇನ್ನೊಂದು ಮುಖ್ಯ ಆಧಾರ; ಇಂಗ್ಲೆಂಡಿನ ಕಾಲ್ಚೆಸ್ಟರಿನಲ್ಲಿರುವ, ಸೆಂಚುರಿಯನ್ (ಲೀಜನ್ನಿನ ತುಕಡಿಯ ನಾಯಕ) ಮಾರ್ಕಸ್ ಫಾವೋನಿಯಸ್ ಫಾಸಿಲಿಸನ ಶಿಲೆ ಪ್ರಸಿದ್ಧವಾದುದು.

ಮೂರನೆಯದು ಉತ್ಖನನದಲ್ಲಿ ದೊರೆತ ವಸ್ತುಗಳು. 1964ರಲ್ಲಿ ಹೇಡ್ರಿಯನ್ ಗೋಡೆಯ ಸಮೀಪದ ಕಾರ್ಬ್ರಿಜ್‌ನಲ್ಲಿ ಮಣ್ಣಿನಡಿ ಹೂತಿದ್ದ ಮರದ ಪೆಟ್ಟಿಗೆಯೊಂದರಲ್ಲಿ ಪಟ್ಟಿಕವಚದ ಭಾಗಗಳು ಸಿಕ್ಕಿದವು. ಪಟ್ಟಿಗಳು ಹೇಗೆ ಜೋಡಣೆಯಾಗುತ್ತಿದ್ದವು ಎಂಬ ಪ್ರಶ್ನೆ ಇದರಿಂದ ಬಗೆಹರಿಯಿತು. ಲಂಡನ್ ಗೋಪುರದ ಶಸ್ತ್ರಾಗಾರದಲ್ಲಿದ್ದ ಎಚ್. ರಸೆಲ್ ರಾಬಿನ್‌ಸನ್ ಇದರ ಪ್ರತಿಕೃತಿಗಳನ್ನು ರಚಿಸಿ, 1975ರಲ್ಲಿ ಸಾಮ್ರಾಜ್ಯ ಕಾಲದ ಕವಚವನ್ನು ಕುರಿತ ಪ್ರಮಾಣಗ್ರಂಥವನ್ನು ಪ್ರಕಟಿಸಿದ.

ಉಗಮ ಮತ್ತು ಬೆಳವಣಿಗೆ

ಆರಂಭಕಾಲದ ರೋಮನರು ಸ್ವಂತ ಖರ್ಚಿನಲ್ಲಿ ಶಸ್ತ್ರ ಕೊಂಡು ಯುದ್ಧಕ್ಕೆ ಹೋಗುತ್ತಿದ್ದರು. ಹೀಗಾಗಿ ಕವಚ ಆಸ್ತಿಯನ್ನು ಅವಲಂಬಿಸಿತ್ತು. ಪೊಲಿಬಿಯಸನ ಪ್ರಕಾರ ಸಾಮಾನ್ಯ ಕಾಲಾಳುವಿಗೆ ಒಂದು ಗೇಣು ಚೌಕದ ಕಂಚಿನ ಎದೆಫಲಕವಿತ್ತು. 10,000 ದ್ರಾಖ್ಮಕ್ಕಿಂತ ಹೆಚ್ಚು ಆಸ್ತಿಯುಳ್ಳವರು ಕೊಂಡಿಕವಚ ತೊಡುತ್ತಿದ್ದರು. ಕೊಂಡಿಕವಚವನ್ನು ರೋಮನರು ಕೆಲ್ಟಿಕ್ ಕುಲದ ಗಾಲ್ ಜನರಿಂದ ಪಡೆದರೆಂದು ರೋಮನ್ ವಿದ್ವಾಂಸ ವಾರ್ರೊ ಬರೆದಿದ್ದಾನೆ. ರುಮೇನಿಯದ ಚುಮೆಷ್ಟಿಯ ಕೆಲ್ಟಿಕ್ ಸಮಾಧಿಯಲ್ಲಿ ದೊರೆತ ಕೊಂಡಿಕವಚದ ತುಣುಕುಗಳು ಈ ಮಾತಿಗೆ ಪುಷ್ಟಿ ಕೊಡುತ್ತವೆ. ಕ್ರಿ.ಪೂ. 168ರ ಪಿಡ್ನಾ ಯುದ್ಧದ ವಿಜಯವನ್ನು ಸಾರುವ ಡೆಲ್ಫಿಯ ಸ್ಮಾರಕದಲ್ಲಿ ಕೊಂಡಿಕವಚ ತೊಟ್ಟ ರೋಮನ್ ಯೋಧರಿದ್ದಾರೆ.

ಗಣರಾಜ್ಯದ ಕೊನೆಯ ಹೊತ್ತಿಗೆ ಆಸ್ತಿಯಿಲ್ಲದವರೂ ಲೀಜನ್ ಸೇರಿದಂತೆ ಶಸ್ತ್ರ ಒದಗಿಸುವ ಹೊಣೆ ಬಹುಮಟ್ಟಿಗೆ ರಾಜ್ಯಕ್ಕೆ ಬಂದಿತು. ಅದರ ಬೆಲೆಯನ್ನು ಸಂಬಳದಲ್ಲಿ ಹಿಡಿಯುತ್ತಿದ್ದರು. ಕ್ರಿ.ಶ. 14ರಲ್ಲಿ ಪನೋನಿಯದ ಲೀಜನ್ನುಗಳು ದಂಗೆಯೆದ್ದಾಗ ಈ ಕಡಿತವೂ ದೂರುಗಳಲ್ಲಿ ಒಂದಾಗಿತ್ತೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ.

ಪಟ್ಟಿಕವಚ ಬಳಕೆಗೆ ಬಂದದ್ದು ಆಗಸ್ಟಸನ ಕಾಲದಲ್ಲಿ. ಕ್ರಿ.ಶ. 9ರಲ್ಲಿ ರೋಮನ್ ಸೇನಾಪತಿ ವಾರಸನ ಮೂರು ಲೀಜನ್ನುಗಳು ನಾಶವಾದ ಯುದ್ಧಕ್ಕೆ ಸಂಬಂಧಿಸಿದ ಜರ್ಮನಿಯ ಕಾಲ್ಕ್ರೀಸ ನೆಲೆಯಲ್ಲಿ ಇದರ ಆರಂಭಿಕ ರೂಪದ ಭಾಗಗಳು ದೊರೆತಿವೆ. 2018ರಲ್ಲಿ ಅಲ್ಲಿಯೇ ಬಹುಮಟ್ಟಿಗೆ ಪೂರ್ಣವಾದ ಪಟ್ಟಿಕವಚ ಸಿಕ್ಕಿತು. 1 ಮತ್ತು 2ನೆಯ ಶತಮಾನಗಳಲ್ಲಿ ಇದು ಕೊಂಡಿಕವಚ, ಹುರುಪೆಕವಚಗಳ ಜೊತೆಜೊತೆಗೆ ಬಳಕೆಯಲ್ಲಿತ್ತು. ಅವನ್ನು ಸ್ಥಾನಪಲ್ಲಟ ಮಾಡಲಿಲ್ಲ. 3ನೆಯ ಶತಮಾನದಲ್ಲಿ ಪಟ್ಟಿಕವಚ ಮರೆಯಾಯಿತು. ಉಳಿದೆರಡು ಸಾಮ್ರಾಜ್ಯದ ಕೊನೆಯವರೆಗೆ ಮುಂದುವರಿದವು. ಗ್ರೇಷಿಯನ್ ಚಕ್ರವರ್ತಿಯ ಕಾಲದಿಂದ ಕಾಲಾಳುಗಳು ಕವಚ ತ್ಯಜಿಸಿದರೆಂದು ವೆಜಿಟಿಯಸ್ ಹೇಳಿದ್ದರೂ ಆ ಕಾಲದ ಚಿತ್ರಗಳು ಮತ್ತು ಅವಶೇಷಗಳು ಕವಚದ ಬಳಕೆ ನಿಂತಿರಲಿಲ್ಲವೆಂದು ತೋರಿಸುತ್ತವೆ.

ಮುಂಡದ ಕವಚದ ಪ್ರಕಾರಗಳು

ಕೊಂಡಿಕವಚ: ಕೆಲವೇ ಮಿಲಿಮೀಟರ್ ವ್ಯಾಸದ ಸಾವಿರಾರು ಕಬ್ಬಿಣದ ಬಳೆಗಳಿಂದ ಆದ ಅಂಗಿ. ಪ್ರತಿಯೊಂದು ಬಳೆಯೂ ನೆರೆಯ ನಾಲ್ಕು ಬಳೆಗಳನ್ನು ಹಿಡಿದಿರುತ್ತದೆ. ಒಂದು ಸಾಲಿನಲ್ಲಿ ಇಡಿಯಾದ ಬಳೆಗಳಿದ್ದರೆ ಮುಂದಿನ ಸಾಲಿನ ಬಳೆಗಳ ತುದಿಗಳನ್ನು ರಿವೆಟ್ ಹೊಡೆದು ಮುಚ್ಚಲಾಗುತ್ತಿತ್ತು. ಭುಜಗಳ ಮೇಲೆ ಇನ್ನೊಂದು ಪದರವಿದ್ದು, ಅದನ್ನು ಎದೆಯ ಮೇಲೆ ಕೊಕ್ಕೆಗಳಿಂದ ಬಿಗಿಯುತ್ತಿದ್ದರು. ಅಂಗಿ ತೊಡೆಯ ಮೇಲ್ಭಾಗದವರೆಗೆ ಇಳಿಯುತ್ತಿತ್ತು. ತೂಕ ಸುಮಾರು 10ರಿಂದ 15 ಕಿಗ್ರಾಂ. ಸೊಂಟಪಟ್ಟಿಯನ್ನು ಬಿಗಿಯಾಗಿ ಕಟ್ಟಿದಾಗ ಭಾರದ ಒಂದು ಪಾಲು ಭುಜದಿಂದ ಸೊಂಟಕ್ಕೆ ಇಳಿಯುತ್ತದೆ. ಕತ್ತಿಯ ಕೊಯ್ತವನ್ನು ಇದು ಚೆನ್ನಾಗಿ ತಡೆಯುತ್ತದೆ. ಬಲವಾದ ತಿವಿತದ ಮುಂದೆ ಮತ್ತು ಜಜ್ಜುವ ಹೊಡೆತದ ಮುಂದೆ ದುರ್ಬಲ.

ಹುರುಪೆಕವಚ: ಕಂಚು, ಹಿತ್ತಾಳೆ ಅಥವಾ ಕಬ್ಬಿಣದ ಚಿಕ್ಕ ಹುರುಪೆಗಳನ್ನು ಅಕ್ಕಪಕ್ಕ ತಂತಿಯಿಂದ ಬಂಧಿಸಿ, ಸಾಲುಸಾಲಾಗಿ ಬಟ್ಟೆ ಅಥವಾ ತೊಗಲಿನ ಮೇಲೆ ಹೊಲಿದು ಮಾಡಿದ ಕವಚ. ಮೇಲಿನ ಸಾಲು ಕೆಳಗಿನ ಸಾಲಿನ ತಲೆಭಾಗವನ್ನು ಮುಚ್ಚುವುದರಿಂದ ಹೊಲಿಗೆ ಹೊರಗೆ ಕಾಣುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಬರುವ ತಿವಿತ ಹುರುಪೆಗಳ ಅಡಿಗೆ ನುಗ್ಗಬಲ್ಲದು. 2ನೆಯ ಶತಮಾನದಿಂದ ನಾಲ್ಕೂ ಕಡೆ ಬಿಗಿದ ಹುರುಪೆಗಳು ಬಂದು ಈ ದೋಷ ತಗ್ಗಿತು. ಸೆಂಚುರಿಯನ್, ಧ್ವಜಧಾರಿ ಮತ್ತು ರಾವುತರಲ್ಲಿ ಇದು ಹೆಚ್ಚು ಬಳಕೆಯಲ್ಲಿತ್ತು.

ಪಟ್ಟಿಕವಚ: ಸುಮಾರು 1 ಮಿಮೀ ದಪ್ಪದ ಕಬ್ಬಿಣದ ಪಟ್ಟಿಗಳನ್ನು ಒಳಮೈಯಲ್ಲಿ ತೊಗಲಿನ ಪಟ್ಟಿಗಳಿಗೆ ರಿವೆಟ್ ಹೊಡೆದು ಕೂಡಿಸಿದ ಕವಚ. ಭುಜಕ್ಕೆ ಎರಡು, ಮುಂಡಕ್ಕೆ ಎರಡು ಹೀಗೆ ನಾಲ್ಕು ಭಾಗಗಳಿರುತ್ತವೆ. ಅವನ್ನು ಬಿಚ್ಚಿ, ಒಂದರೊಳಗೊಂದು ಸೇರಿಸಿ, ಚಿಕ್ಕ ಗಂಟಾಗಿ ಒಯ್ಯಬಹುದು. ಭುಜದ ಪಟ್ಟಿಗಳು ಮೇಲಿನಿಂದ ಬೀಳುವ ಏಟನ್ನು ತಡೆಯುವುದರಲ್ಲಿ ಹೆಸರಾದವು. ಪ್ರತಿಕೃತಿಗಳ ತೂಕ ಸುಮಾರು 9 ಕಿಗ್ರಾಂ. ಹಿತ್ತಾಳೆಯ ಕೀಲು ಮತ್ತು ಬಕಲ್‌ಗಳು ಬೇಗ ಮುರಿಯುತ್ತಿದ್ದವು. ದೊರೆತ ಅವಶೇಷಗಳಲ್ಲಿ ರಿಪೇರಿಯ ಗುರುತುಗಳು ಹೇರಳ. ಕಾಲ್ಕ್ರೀಸ, ಕಾರ್ಬ್ರಿಜ್ ಮತ್ತು ನ್ಯೂಸ್ಟೆಡ್ ಎಂಬ ಮೂರು ಮುಖ್ಯ ಮಾದರಿಗಳಿವೆ. 1905–1910ರಲ್ಲಿ ಜೇಮ್ಸ್ ಕರ್ಲ್ ಉತ್ಖನನ ನಡೆಸಿದ ಸ್ಕಾಟ್ಲೆಂಡಿನ ಕೋಟೆಯಿಂದ ಹೆಸರು ಪಡೆದ ನ್ಯೂಸ್ಟೆಡ್ ಮಾದರಿಯಲ್ಲಿ ಪಟ್ಟಿಗಳು ದೊಡ್ಡವಾದವು, ಕೀಲುಗಳು ಕಡಿಮೆಯಾದವು.

ಸ್ನಾಯುಕವಚ (ಲೋರಿಕಾ ಮುಸ್ಕುಲಾಟ): ಚಕ್ರವರ್ತಿ ಮತ್ತು ಉನ್ನತ ಅಧಿಕಾರಿಗಳ ಕವಚ. ಪ್ರೀಮಾ ಪೋರ್ಟಾದಲ್ಲಿ ದೊರೆತ ಆಗಸ್ಟಸನ ಪ್ರತಿಮೆ ಇದರ ಪ್ರಸಿದ್ಧ ನಿದರ್ಶನ. ಸಾಮಾನ್ಯ ಯೋಧನ ಸಜ್ಜಿನಲ್ಲಿ ಇದಕ್ಕೆ ಸ್ಥಾನವಿರಲಿಲ್ಲ.

ಮೆತ್ತೆಯಂಗಿ: ಎಲ್ಲ ಬಗೆಯ ಕವಚದ ಅಡಿಯಲ್ಲೂ ದಪ್ಪನೆಯ ಒಳಅಂಗಿ ಬೇಕಾಗುತ್ತಿತ್ತು. ಏಟಿನ ಆಘಾತವನ್ನು ಹೀರುವುದು, ಭುಜಕ್ಕೆ ಲೋಹ ಒತ್ತದಂತೆ ಕಾಪಾಡುವುದು ಇದರ ಕೆಲಸ. ಇದಕ್ಕೆ ಸುಬಾರ್ಮಾಲಿಸ್ ಎಂಬ ಹೆಸರಿತ್ತು.

ಶಿರಸ್ತ್ರಾಣ ಮತ್ತು ಕೈಕಾಲುಗಳ ಕವಚ

ಗಣರಾಜ್ಯ ಕಾಲದಲ್ಲಿ ನೆತ್ತಿಯ ಮೇಲೆ ಗುಬುಟಿದ್ದ ಮೊಂಟೆಫೋರ್ಟಿನೊ ಮಾದರಿಯ ಕಂಚಿನ ಶಿರಸ್ತ್ರಾಣ ಪ್ರಚಾರದಲ್ಲಿತ್ತು. ಸೀಸರನ ಕಾಲದ ಸುಮಾರಿಗೆ ಕೂಲಸ್ ಮಾದರಿ ಬಂದಿತು. ಕ್ರಿ.ಶ. 1ನೆಯ ಶತಮಾನದಲ್ಲಿ ಗಾಲ್ ಕಮ್ಮಾರರ ಕೈಚಳಕವನ್ನು ತೋರುವ ಇಂಪೀರಿಯಲ್ ಗ್ಯಾಲಿಕ್ ಮಾದರಿ ರೂಪುಗೊಂಡಿತು. ಅಗಲವಾದ ಕತ್ತುಗಾಪು, ಕೀಲಿನ ಮೇಲೆ ಆಡುವ ಕೆನ್ನೆಗಾಪು, ಕಿವಿಯ ಮೇಲಿನ ಅಂಚು ಮತ್ತು ಹಣೆಯ ಮೇಲಿನ ಅಡ್ಡಪಟ್ಟಿ ಇದರ ಲಕ್ಷಣಗಳು. ಮುಖ ತೆರೆದಿದ್ದು ಕಿವಿ ಮುಚ್ಚದಿದ್ದುದರಿಂದ ಯೋಧನಿಗೆ ಆಜ್ಞೆಗಳು ಕೇಳುತ್ತಿದ್ದವು, ಅಕ್ಕಪಕ್ಕ ಕಾಣುತ್ತಿತ್ತು. ಡೇಸಿಯದ ಯುದ್ಧಗಳ ಕಾಲದಿಂದ ನೆತ್ತಿಯ ಮೇಲೆ ಶಿಲುಬೆಯಾಕಾರದ ಬಲಪಟ್ಟಿಗಳು ಕಾಣುತ್ತವೆ. 4ನೆಯ ಶತಮಾನದ ಶಿರಸ್ತ್ರಾಣಗಳು ಎರಡು ಅರ್ಧಬುರುಡೆಗಳನ್ನು ನಡುವಣ ಏಣಿನ ಪಟ್ಟಿಯಿಂದ ಬೆಸೆದು ಮಾಡಿದಂಥವು. ಸೆಂಚುರಿಯನ್ನನ ಶಿರಸ್ತ್ರಾಣದ ತುರಾಯಿ ಕಿವಿಯಿಂದ ಕಿವಿಗೆ ಅಡ್ಡಲಾಗಿರುತ್ತಿತ್ತು. 1796ರಲ್ಲಿ ದೊರೆತ ರಿಬ್‌ಚೆಸ್ಟರ್ ಶಿರಸ್ತ್ರಾಣದಂಥ ಮುಖವಾಡವುಳ್ಳವು ರಾವುತರ ಪ್ರದರ್ಶನ ಕ್ರೀಡೆಗಳಿಗೆ ಸಂಬಂಧಿಸಿದವು.

ಕತ್ತಿ ಹಿಡಿದ ತೋಳನ್ನು ಮುಚ್ಚುವ ಪಟ್ಟಿಗಳ ತೋಳುಕವಚಕ್ಕೆ ಮನಿಕಾ ಎಂದು ಹೆಸರು. ಡೇಸಿಯನ್ನರ ಕುಡುಗೋಲಿನಾಕಾರದ ಕತ್ತಿಯೆದುರು ಇದನ್ನು ಬಳಸಿದ ದೃಶ್ಯಗಳು ಆಡಂಕ್ಲಿಸಿಯಲ್ಲಿವೆ. ನ್ಯೂಸ್ಟೆಡ್ ಮತ್ತು ಕಾರ್ಲೈಲ್‌ಗಳಲ್ಲಿ ಇದರ ಅವಶೇಷಗಳು ಸಿಕ್ಕಿವೆ. ಮೊಣಕಾಲಿನ ಕೆಳಭಾಗದ ಕವಚ ಸಾಮ್ರಾಜ್ಯ ಕಾಲದಲ್ಲಿ ಮುಖ್ಯವಾಗಿ ಸೆಂಚುರಿಯನ್ನರ ಗುರುತಾಗಿತ್ತು.

ಗುರಾಣಿ

ಲೀಜನ್ ಯೋಧನ ಮೊದಲ ರಕ್ಷಣೆ ಗುರಾಣಿ. ಸ್ಕೂಟಮ್ ಎಂಬ ದೊಡ್ಡ ಬಾಗಿದ ಗುರಾಣಿಯನ್ನು ತೆಳುಹಲಗೆಗಳ ಪದರಗಳನ್ನು ಅಂಟಿಸಿ ಮಾಡುತ್ತಿದ್ದರು. ಮೇಲೆ ಬಟ್ಟೆ ಮತ್ತು ಕರುವಿನ ತೊಗಲಿನ ಹೊದಿಕೆ, ಅಂಚಿಗೆ ಲೋಹದ ಕಟ್ಟು, ನಡುವೆ ಕೈಯನ್ನು ರಕ್ಷಿಸುವ ಲೋಹದ ಗುಬುಟು ಇರುತ್ತಿದ್ದವು. ಗಣರಾಜ್ಯ ಕಾಲದಲ್ಲಿ ಇದು ಅಂಡಾಕಾರದ್ದು. ಈಜಿಪ್ಟಿನ ಫಯ್ಯೂಮ್ ಪ್ರದೇಶದಲ್ಲಿ 1900ರಲ್ಲಿ ದೊರೆತ ಈ ಬಗೆಯ ಗುರಾಣಿಯ ಎತ್ತರ 128 ಸೆಂಮೀ. ಚೌಕಾಂಚಿನ, ಅರೆಕೊಳವೆಯಾಕಾರದ ರೂಪ ಬಂದದ್ದು ಸಾಮ್ರಾಜ್ಯದ ಆರಂಭದ ನಂತರ. ಈ ರೂಪದಲ್ಲಿ ಬಹುತೇಕ ಪೂರ್ಣವಾಗಿ ಉಳಿದಿರುವುದು ಸಿರಿಯದ ಡ್ಯೂರಾ-ಯೂರೋಪಸ್‌ನಲ್ಲಿ ಸಿಕ್ಕಿದ 3ನೆಯ ಶತಮಾನದ ಒಂದೇ ಗುರಾಣಿ. ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹಾಲಯದಲ್ಲಿದೆ. ಸಹಾಯಕ ಪಡೆಯವರ ಗುರಾಣಿ ಸಾಮಾನ್ಯವಾಗಿ ಚಪ್ಪಟೆ. 3ನೆಯ ಶತಮಾನದಿಂದ ಲೀಜನ್ನುಗಳಲ್ಲಿಯೂ ಅಂಡಾಕಾರದ ಗುರಾಣಿಯೇ ಸಾಮಾನ್ಯವಾಯಿತು. ಗುರಾಣಿಗಳನ್ನು ತಲೆಯ ಮೇಲೂ ಸುತ್ತಲೂ ಜೋಡಿಸಿ ಮುನ್ನಡೆಯುವ ಟೆಸ್ಟೂಡೊ ಎಂಬ ವ್ಯೂಹವನ್ನು ಕೋಟೆಗಳ ಮುತ್ತಿಗೆಯಲ್ಲಿ ಬಳಸುತ್ತಿದ್ದರು.

ತಯಾರಿಕೆ

ಸೇನಾ ನೆಲೆಗಳ ಕಮ್ಮಟಗಳಲ್ಲಿಯೂ ಖಾಸಗಿ ಕಮ್ಮಾರರಲ್ಲಿಯೂ ಕವಚಗಳು ತಯಾರಾಗುತ್ತಿದ್ದವು. ಶಿರಸ್ತ್ರಾಣಗಳ ಮೇಲೆ ಚುಚ್ಚಿ ಬರೆದ ಒಡೆಯರ ಹೆಸರುಗಳು, ಕೆಲವೊಮ್ಮೆ ಒಂದೇ ವಸ್ತುವಿನ ಮೇಲೆ ಹಲವು ಹೆಸರುಗಳು ಇರುವುದು ಅವು ಕೈಯಿಂದ ಕೈಗೆ ಬಂದು ದೀರ್ಘಕಾಲ ಬಾಳಿದುದನ್ನು ತೋರಿಸುತ್ತದೆ. ಇದರಿಂದಾಗಿ ಒಂದೇ ತುಕಡಿಯಲ್ಲಿ ಹಳೆಯ ಮತ್ತು ಹೊಸ ಮಾದರಿಗಳು ಒಟ್ಟಿಗಿರುತ್ತಿದ್ದವು. ಕ್ರಿ.ಶ. 300ರ ಸುಮಾರಿಗೆ ಡಯೋಕ್ಲೇಷಿಯನ್ನನ ಕಾಲದಲ್ಲಿ ಸರ್ಕಾರಿ ಶಸ್ತ್ರ ಕಾರ್ಖಾನೆಗಳು ವ್ಯವಸ್ಥಿತವಾದವು; ನೋಟಿಟಿಯಾ ಡಿಗ್ನಿಟಾಟಮ್ ಎಂಬ ಅಧಿಕಾರಪಟ್ಟಿಯಲ್ಲಿ ಅವುಗಳ ವಿವರವಿದೆ.

ಮೇಜಿನಾಟಗಳಲ್ಲಿ ಕವಚದ ಲೆಕ್ಕ

ಪ್ರಕಟಿತ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಮೊದಲನೆಯದಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಹೊರಬಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದರ ಕರ್ತೃಗಳು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಪ್ರಕಟಿಸಿದ ಚೈನ್‌ಮೇಲ್ ಎಂಬ ಯುದ್ಧದಾಟದ ನಿಯಮಗಳು ಇದಕ್ಕೆ ಹಿನ್ನೆಲೆ. ಆ ಯುದ್ಧದಾಟ ಮಧ್ಯಯುಗದ ಯೂರೋಪಿನದಾದ್ದರಿಂದ ಹೊಸ ಆಟದ ಕವಚಪಟ್ಟಿಯೂ ಮಧ್ಯಯುಗದ್ದಾಯಿತು. ರೋಮನ್ ಕವಚವನ್ನು ಆಟಕ್ಕೆ ತರುವವರು ಈ ಪಟ್ಟಿಗೆ ಅದನ್ನು ಹೊಂದಿಸಬೇಕಾಯಿತು.

ಕವಚವನ್ನು ಅಂಕಿಗಿಳಿಸುವ ಪದ್ಧತಿಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಕವಚ ಏಟು ತಗಲುವ ಸಂಭವವನ್ನೇ ಕಡಿಮೆ ಮಾಡುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಆರ್ಮರ್ ಕ್ಲಾಸ್ ಈ ಬಗೆಯದು. ಮೂಲ ಆಟದಲ್ಲಿ ಕವಚವಿಲ್ಲದವನ ಅಂಕಿ 9, ಫಲಕ ಕವಚ ಮತ್ತು ಗುರಾಣಿ ಎರಡೂ ಇದ್ದವನ ಅಂಕಿ 2; ಅಂಕಿ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. 2000ದ ಮೂರನೆಯ ಆವೃತ್ತಿಯಿಂದ ಈ ಕ್ರಮ ತಿರುವುಮುರುವಾಗಿ, ಅಂಕಿ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂದಾಯಿತು.

ಎರಡನೆಯ ಪದ್ಧತಿಯಲ್ಲಿ ಏಟು ತಗಲುತ್ತದೆ, ಆದರೆ ಅದರ ಹಾನಿಯಲ್ಲಿ ಒಂದಷ್ಟನ್ನು ಕವಚ ನುಂಗುತ್ತದೆ. 1978ರ ರೂನ್‌ಕ್ವೆಸ್ಟ್ ಮತ್ತು 1986ರಲ್ಲಿ ಸ್ಟೀವ್ ಜಾಕ್ಸನ್ ಪ್ರಕಟಿಸಿದ ಗರ್ಪ್ಸ್ ಈ ಬಗೆಯವು. ರೂನ್‌ಕ್ವೆಸ್ಟ್‌ನಲ್ಲಿ ಏಟು ದೇಹದ ಯಾವ ಭಾಗಕ್ಕೆ ಬಿದ್ದಿತೆಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ; ತಲೆ, ಎದೆ, ಹೊಟ್ಟೆ, ಎರಡು ತೋಳು, ಎರಡು ಕಾಲು ಹೀಗೆ ಏಳು ಭಾಗಗಳಿಗೂ ಬೇರೆಬೇರೆ ಕವಚದ ಅಂಕಿ ಇರುತ್ತದೆ. ರೋಮನ್ ಯೋಧನ ತಲೆ ಮತ್ತು ಮುಂಡ ಮುಚ್ಚಿದ್ದು ಕಾಲುಗಳು ತೆರೆದಿದ್ದ ಕಾರಣ, ದೇಹಭಾಗಗಳನ್ನು ಬೇರ್ಪಡಿಸುವ ಈ ಪದ್ಧತಿಯಲ್ಲಿ ಅವನ ಸಜ್ಜು ಯಥಾವತ್ತಾಗಿ ಮೂಡುತ್ತದೆ. ಇಡೀ ದೇಹಕ್ಕೆ ಒಂದೇ ಅಂಕಿ ಕೊಡುವ ಪದ್ಧತಿಯಲ್ಲಿ ಈ ಭೇದ ಉಳಿಯುವುದಿಲ್ಲ.

ರೋಮನ್ ಹಿನ್ನೆಲೆಗೆಂದೇ ರಚಿತವಾದ ಪುಸ್ತಕಗಳೂ ಇವೆ. 1992ರ ಗರ್ಪ್ಸ್ ಇಂಪೀರಿಯಲ್ ರೋಮ್, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎರಡನೆಯ ಆವೃತ್ತಿಗಾಗಿ ಡೇವಿಡ್ ಪುಲ್ವರ್ ಬರೆದ 1993ರ ದ ಗ್ಲೋರಿ ಆಫ್ ರೋಮ್, ಕೇಯಾಸಿಯಮ್ ಸಂಸ್ಥೆಯ 2009ರ ಕ್ಥುಲ್ಹು ಇನ್ವಿಕ್ಟಸ್ ಇವುಗಳಲ್ಲಿ ಮುಖ್ಯವಾದವು.

ಹೋಲಿಕೆ ಮತ್ತು ವ್ಯತ್ಯಾಸಗಳು

ಕೊಂಡಿಕವಚ: 2014ರ ಐದನೆಯ ಆವೃತ್ತಿಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಚೈನ್ ಮೇಲ್‌ನ ತೂಕ 55 ಪೌಂಡು, ಅಂದರೆ ಸುಮಾರು 25 ಕಿಗ್ರಾಂ. ಇದು ಮೈತುಂಬ ಮುಚ್ಚುವ ಮಧ್ಯಯುಗದ ಕವಚ. ಅದೇ ಪಟ್ಟಿಯ 20 ಪೌಂಡಿನ, ಸುಮಾರು 9 ಕಿಗ್ರಾಂ ತೂಕದ, ಚೈನ್ ಶರ್ಟ್ ರೋಮನ್ ಕೊಂಡಿಕವಚಕ್ಕೆ ಆಕಾರ ಮತ್ತು ತೂಕಗಳಲ್ಲಿ ಹೆಚ್ಚು ಸಮೀಪ. ರೋಮನ್ ಅಂಗಿಯ ಭುಜದ ಇಮ್ಮಡಿ ಪದರಕ್ಕೆ ಆಟದಲ್ಲಿ ಪ್ರತ್ಯೇಕ ಲೆಕ್ಕವಿಲ್ಲ.

ಪಟ್ಟಿಕವಚ: 1978ರ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಮೂರನೆಯ ಆವೃತ್ತಿಯವರೆಗೆ ಬ್ಯಾಂಡೆಡ್ ಮೇಲ್ ಎಂಬ ಕವಚವಿತ್ತು. ಆಟಗಾರರು ಇದನ್ನೇ ರೋಮನ್ ಪಟ್ಟಿಕವಚವೆಂದು ಬಳಸುವುದು ವಾಡಿಕೆಯಾಯಿತು. 19ನೆಯ ಶತಮಾನದ ಇಂಗ್ಲಿಷ್ ವಿದ್ವಾಂಸರು ಮಧ್ಯಯುಗದ ಚಿತ್ರಗಳಲ್ಲಿ ಅಡ್ಡಗೆರೆಗಳಿಂದ ತೋರಿಸಿದ್ದ ಕೊಂಡಿಕವಚಕ್ಕೆ ಆ ಹೆಸರು ಕೊಟ್ಟಿದ್ದರು. ರೋಮನ್ ಕವಚಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನೆಯ ಆವೃತ್ತಿಯಲ್ಲಿ ಅದರ ತೂಕ 35 ಪೌಂಡು, ಸುಮಾರು 16 ಕಿಗ್ರಾಂ. ಪಟ್ಟಿಕವಚದ ಪ್ರತಿಕೃತಿಗಳ ತೂಕಕ್ಕಿಂತ ಇದು ಬಹಳ ಹೆಚ್ಚು. 2014ರ ಪಟ್ಟಿಯಲ್ಲಿ ಬ್ಯಾಂಡೆಡ್ ಮೇಲ್ ಇಲ್ಲ. ಗರ್ಪ್ಸ್‌ನ ಕವಚಪಟ್ಟಿಯಲ್ಲಿ ಲೋರಿಕಾ ಸೆಗ್ಮೆಂಟಾಟ ಅದೇ ಹೆಸರಿನಲ್ಲಿ ಸೇರಿದೆ.

ಗುರಾಣಿ: ಐದನೆಯ ಆವೃತ್ತಿಯಲ್ಲಿ ಎಲ್ಲ ಗುರಾಣಿಗೂ ಒಂದೇ ತೂಕ, 6 ಪೌಂಡು, ಒಂದೇ ಲಾಭ, 2 ಅಂಕಿ. ಸ್ಕೂಟಮಿನ ಪ್ರತಿಕೃತಿಗಳು ಇದರ ಎರಡರಿಂದ ಮೂರು ಪಟ್ಟು ತೂಗುತ್ತವೆ, ಗಲ್ಲದಿಂದ ಮೊಣಕಾಲಿನವರೆಗೆ ಮುಚ್ಚುತ್ತವೆ. ಏಟನ್ನು ಗುರಾಣಿಯಿಂದ ತಡೆಯುವುದಕ್ಕೆ ಬೇರೆ ದಾಳ ಉರುಳಿಸುವ ರೂನ್‌ಕ್ವೆಸ್ಟ್ ಮತ್ತು ಗರ್ಪ್ಸ್ ರೋಮನ್ ಯುದ್ಧಕ್ರಮಕ್ಕೆ ಹತ್ತಿರ ಬರುತ್ತವೆ.

ತೊಗಲಿನ ಕವಚ: ಮೊಳೆಗಳನ್ನು ಹೊಡೆದ ತೊಗಲಿನ ಅಂಗಿ, ತೊಗಲಿನ ಮುಂಗೈಪಟ್ಟಿ, ತೊಗಲಿನಿಂದಲೇ ಮಾಡಿದ ಪಟ್ಟಿಕವಚ ಇವು ಸಿನಿಮಾ ಮತ್ತು ಆಟಗಳಲ್ಲಿ ರೋಮನ್ ಯೋಧನ ಸಾಮಾನ್ಯ ಉಡುಗೆಗಳು. ಲೀಜನ್ ಯೋಧರ ಯುದ್ಧಕವಚವಾಗಿ ಇವುಗಳಿಗೆ ಪುರಾತತ್ತ್ವದ ಆಧಾರವಿಲ್ಲ. ಭುಜ ಮತ್ತು ತೊಡೆಯ ಮೇಲೆ ಜೋಲುವ ಪಟ್ಟಿಗಳು ಒಳಅಂಗಿಗೆ ಸೇರಿದವು.

ಕಾಲಾನುಸಾರ ಸಜ್ಜು

ಆಟದ ಕಥೆ ನಡೆಯುವ ಕಾಲಕ್ಕೆ ತಕ್ಕ ಸಜ್ಜು ಹೀಗಿದೆ. ಹನ್ನಿಬಲನ ಯುದ್ಧದಲ್ಲಿ (ಕ್ರಿ.ಪೂ. 218–201) ಎದೆಫಲಕ ಅಥವಾ ಕೊಂಡಿಕವಚ, ಮೊಂಟೆಫೋರ್ಟಿನೊ ಶಿರಸ್ತ್ರಾಣ, ಅಂಡಾಕಾರದ ಸ್ಕೂಟಮ್. ಸೀಸರನ ಗಾಲ್ ಯುದ್ಧಗಳಲ್ಲಿ (ಕ್ರಿ.ಪೂ. 58–50) ಕೊಂಡಿಕವಚ ಮತ್ತು ಅಂಡಾಕಾರದ ಸ್ಕೂಟಮ್, ಈ ಕಾಲಕ್ಕೆ ಪಟ್ಟಿಕವಚ ಸಲ್ಲದು. ಬ್ರಿಟನ್ನಿನಲ್ಲಿ ಬೂಡಿಕಾಳ ದಂಗೆಯ ಕಾಲದಲ್ಲಿ (ಕ್ರಿ.ಶ. 60–61) ಪಟ್ಟಿಕವಚ ಅಥವಾ ಕೊಂಡಿಕವಚ, ಇಂಪೀರಿಯಲ್ ಗ್ಯಾಲಿಕ್ ಶಿರಸ್ತ್ರಾಣ, ಬಾಗಿದ ಚೌಕಾಂಚಿನ ಗುರಾಣಿ. ಡೇಸಿಯದ ಯುದ್ಧಗಳಲ್ಲಿ (101–106) ಇವುಗಳ ಜೊತೆಗೆ ತೋಳುಕವಚ ಮತ್ತು ಬಲಪಟ್ಟಿಯ ಶಿರಸ್ತ್ರಾಣ. 3ನೆಯ ಶತಮಾನದ ಕೊನೆಯಿಂದ ಉದ್ದತೋಳಿನ ಕೊಂಡಿಕವಚ ಅಥವಾ ಹುರುಪೆಕವಚ ಮತ್ತು ಅಂಡಾಕಾರದ ಚಪ್ಪಟೆ ಗುರಾಣಿ. 4ನೆಯ ಶತಮಾನದಲ್ಲಿ ಏಣಿನ ಶಿರಸ್ತ್ರಾಣ.

ಈಗಿನ ಸ್ಥಿತಿ

ಪ್ರತಿಕೃತಿಗಳನ್ನು ತೊಟ್ಟು ಪರೀಕ್ಷಿಸುವ ಪ್ರಯೋಗಗಳು ಈ ಕ್ಷೇತ್ರದಲ್ಲಿ ನಿರಂತರವಾಗಿ ನಡೆದಿವೆ. ಬ್ರಿಟನ್ನಿನ ಅರ್ಮೈನ್ ಸ್ಟ್ರೀಟ್ ಗಾರ್ಡ್ ಎಂಬ ತಂಡ 1972ರಿಂದ ರೋಮನ್ ಸಜ್ಜನ್ನು ಪುನಾರಚಿಸುತ್ತಿದೆ. ಜರ್ಮನಿಯ ಇತಿಹಾಸಕಾರ ಮಾರ್ಕಸ್ ಯುಂಕೆಲ್‌ಮಾನ್ 1985ರಲ್ಲಿ ಸಂಗಡಿಗರೊಡನೆ ರೋಮನ್ ಸಜ್ಜಿನಲ್ಲಿ ಆಲ್ಪ್ಸ್ ಪರ್ವತವನ್ನು ದಾಟಿ, ದೀರ್ಘ ನಡಿಗೆಯಲ್ಲಿ ಆ ಭಾರ ಹೇಗೆ ವರ್ತಿಸುತ್ತದೆ ಎಂಬುದನ್ನು ದಾಖಲಿಸಿದ. ಇಂಥ ಪ್ರಯೋಗಗಳಿಂದ ದೊರೆತ ತೂಕ ಮತ್ತು ಚಲನೆಯ ವಿವರಗಳನ್ನು ಆಟದ ನಿಯಮಗಳ ಅಂಕಿಗಳೊಡನೆ ನೇರವಾಗಿ ಹೋಲಿಸಬಹುದು. ರೋಮನ್ ಕವಚದ ಮುಖ್ಯ ಸಂಗ್ರಹಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಜರ್ಮನಿಯ ಮೈನ್ಜ್ ಮತ್ತು ಕಾಲ್ಕ್ರೀಸ ವಸ್ತುಸಂಗ್ರಹಾಲಯಗಳು, ಎಡಿನ್‌ಬರೊದ ಸ್ಕಾಟ್ಲೆಂಡ್ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಯೇಲ್ ವಿಶ್ವವಿದ್ಯಾಲಯಗಳಲ್ಲಿವೆ.